ಕ್ರೂಸರ್ ಬೈಕಿನ ಹ್ಯಾಂಡಲ್: ಕೈ ಜೋಮು, ಹೆಗಲು ನೋವು, ಅದುರಾಟಕ್ಕೆ ಮೂಲ ಹುಡುಕುವ ಕ್ರಮ

ತಗ್ಗಿನ ಸೀಟಿನಲ್ಲಿ ಕಾಲು ಮುಂದಿಟ್ಟು ಕೂರುವ ಕ್ರೂಸರ್ ಬೈಕ್ ಓಡಿಸುವಾಗ ಒಂದೆರಡು ತಾಸಿಗೇ ಕೈ ಜೋಮು ಹಿಡಿಯುತ್ತದೆ, ಬೆನ್ನಿನ ಮೇಲ್ಭಾಗ ಉರಿಯುತ್ತದೆ ಎಂದರೆ ಬರುವ ಸಲಹೆ ಒಂದೇ: ಎತ್ತರದ ಹ್ಯಾಂಡಲ್ ಹಾಕಿಸಿ. ಹಾಕಿಸಿದ ಮೇಲೆ ನೋವು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಏಕೆಂದರೆ ಬಹಳಷ್ಟು ಸವಾರರಿಗೆ ಬೇಕಿರುವುದು ಹಿಡಿ, ಅಂದರೆ ಹ್ಯಾಂಡಲ್‌ನ ಕೈ ಹಿಡಿಯುವ ತುದಿ, ಇನ್ನಷ್ಟು ಹತ್ತಿರ ಬರುವುದು. ಎತ್ತರದ ಕೊರತೆ ಇರುವುದು ಕೆಲವರಿಗೆ ಮಾತ್ರ. ಎತ್ತರ ಕಣ್ಣಿಗೆ ಬೀಳುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಹಿಂದಕ್ಕೆ ಎಷ್ಟು ಬಂದಿದೆ ಎಂಬ ಅಳತೆಯನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಹ್ಯಾಂಡಲ್ ಒಂದರಿಂದಲೇ ಕೂರುವ ಭಂಗಿ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ನಮ್ಮ ರಸ್ತೆಗಳಲ್ಲೇ ಉದಾಹರಣೆ ಇದೆ. ಬಜಾಜ್ 2015ರಲ್ಲಿ ಅವೆಂಜರ್ 220 ಬೈಕನ್ನು ಕ್ರೂಸ್ ಮತ್ತು ಸ್ಟ್ರೀಟ್ ಎಂದು ಎರಡು ರೂಪದಲ್ಲಿ ಬಿಟ್ಟಿತು. ಚಾಸಿ ಒಂದೇ, ಎಂಜಿನ್ ಒಂದೇ. ಕ್ರೂಸ್‌ಗೆ ಮೇಲೆದ್ದು ಹಿಂದಕ್ಕೆ ಬಾಗಿದ ಹ್ಯಾಂಡಲ್, ಸ್ಟ್ರೀಟ್‌ಗೆ ತಗ್ಗಿನ, ಹೆಚ್ಚು ನೇರವಾದ ಹ್ಯಾಂಡಲ್. ಒಂದರಲ್ಲಿ ಕೂತವರು ಬೆನ್ನು ನೆಟ್ಟಗೆ ಇಟ್ಟು ಕೂರುತ್ತಾರೆ, ಇನ್ನೊಂದರಲ್ಲಿ ತುಸು ಮುಂದಕ್ಕೆ ಬಾಗುತ್ತಾರೆ. ಯಾವುದು ಹಿತ ಎಂಬುದನ್ನು ಕೈಯ ಉದ್ದ, ಸೊಂಟದಿಂದ ಹೆಗಲವರೆಗಿನ ಎತ್ತರ, ಸೀಟಿನಲ್ಲಿ ಕೂರುವ ಜಾಗ ಇವು ತೀರ್ಮಾನಿಸುತ್ತವೆ. ಪಕ್ಕದವರ ಬೈಕಿಗೆ ಒಗ್ಗಿದ ಹ್ಯಾಂಡಲ್ ನಿಮಗೆ ಒಗ್ಗಬೇಕೆಂದೇನೂ ಇಲ್ಲ.

ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ನೋವು ಓದಬೇಕು, ಆಮೇಲೆ ಅಳೆಯಬೇಕು.

ನೋವು ಎಲ್ಲಿದೆ?

ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಒತ್ತಡ ಬೀಳುತ್ತಿರುವುದು ಅಲ್ನಾರ್ ನರದ ಮೇಲೆ. ಇದು ಮೊಣಕೈಯ ಒಳಬದಿಯಿಂದ ಇಳಿದು ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುತ್ತದೆ. ಹೀಗಾಗಲು ಎರಡು ಕಾರಣ ಸಾಮಾನ್ಯ. ಹಿಡಿಯ ತುದಿ ತೀರಾ ಹಿಂದಕ್ಕೆ ಅಥವಾ ಕೆಳಕ್ಕೆ ಬಾಗಿ, ಅಂಗೈಯ ಹೊರ ಅಂಚು ಭಾರ ಹೊರುತ್ತಿರಬಹುದು. ಇಲ್ಲವೇ ಹ್ಯಾಂಡಲ್ ಅತಿ ಹತ್ತಿರ ಬಂದು, ಮೊಣಕೈ ತೊಂಬತ್ತು ಡಿಗ್ರಿಗಿಂತಲೂ ಹೆಚ್ಚು ಮಡಚಿಕೊಂಡು ತಾಸುಗಟ್ಟಲೆ ಹಾಗೇ ನಿಂತಿರಬಹುದು. ಎರಡನೆಯದು ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿಸಿದ ಸವಾರರಲ್ಲಿ ಹೆಚ್ಚು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿದರೆ ಅದು ಮೀಡಿಯನ್ ನರ. ಮಣಿಕಟ್ಟು ಮೇಲಕ್ಕೆ ಮುರಿದಂತೆ ಮಡಚಿರುವುದು, ಹಿಡಿಯನ್ನು ಬಿಗಿಯಾಗಿ ಹಿಡಿಯುವುದು, ಅದುರಾಟ, ಇವು ಮೂರೂ ಅದನ್ನು ಒತ್ತುತ್ತವೆ. ಇಲ್ಲಿ ಹ್ಯಾಂಡಲ್‌ಗಿಂತ ಲಿವರ್‌ಗಳ ಕೋನವೇ ತಪ್ಪಿರುವ ಸಾಧ್ಯತೆ ಹೆಚ್ಚು. ಲಿವರ್ ಮೇಲೆದ್ದು ನಿಂತಿದ್ದರೆ ಬೆರಳು ಅದರ ಮೇಲಿಡಲು ಮಣಿಕಟ್ಟು ಮಡಚಲೇಬೇಕು.

ಎರಡು ಹೆಗಲ ಮೂಳೆಗಳ ನಡುವೆ ಉರಿ ಬರುತ್ತಿದ್ದರೆ ಹಿಡಿ ದೂರ ಇದೆ ಅಥವಾ ಹ್ಯಾಂಡಲ್ ಅಗಲ ಹೆಚ್ಚಾಗಿದೆ. ಕುತ್ತಿಗೆಯ ಬುಡ ಮತ್ತು ಹೆಗಲ ಮೇಲ್ಭಾಗ ಬಿಗಿಯುತ್ತಿದ್ದರೆ ಹಿಡಿ ಎತ್ತರವಾಗಿದೆ, ಹೆಗಲು ಮೇಲೆತ್ತಿಕೊಂಡೇ ಓಡಿಸುತ್ತಿದ್ದೀರಿ ಎಂದರ್ಥ. ಸೊಂಟ ನೋವಿನಲ್ಲಿ ಸ್ವಲ್ಪ ಜಾಗ್ರತೆ ಬೇಕು. ಕ್ರೂಸರ್‌ನಲ್ಲಿ ಕಾಲು ಮುಂದಿರುವುದರಿಂದ ಮೈಭಾರವೆಲ್ಲ ಸೀಟಿನ ಮೇಲೇ ಕೂರುತ್ತದೆ. ಹಿಡಿ ದೂರವಿದ್ದಾಗ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುತ್ತದೆ, ಆಗ ಹ್ಯಾಂಡಲ್ ಬದಲಿಸಿದರೆ ಪ್ರಯೋಜನವಿದೆ. ನೋವು ಬಾಲಮೂಳೆಯಲ್ಲಿ ಮಾತ್ರ ಇದ್ದರೆ ಅದು ಸೀಟಿನ ಫೋಮ್‌ನ ಸಮಸ್ಯೆ, ಯಾವ ಹ್ಯಾಂಡಲೂ ಅದನ್ನು ಸರಿಮಾಡದು. ಪರೀಕ್ಷೆ ಸುಲಭ: ಅದೇ ಬೈಕಿನಲ್ಲಿ ಒಂದು ಇಂಚು ಮುಂದೆ ಸರಿದು ಕೂತು ಅರ್ಧ ತಾಸು ಓಡಿಸಿ. ನೋವು ಕಡಿಮೆಯಾದರೆ ದೂರವೇ ಕಾರಣ.

ಒಂದೇ ಕೈ ನೋಯುತ್ತಿದ್ದರೆ ಹ್ಯಾಂಡಲ್‌ನ ಆಕಾರವನ್ನು ಸದ್ಯಕ್ಕೆ ಮರೆಯಿರಿ. ಬಲಗೈ ಆದರೆ ಆಕ್ಸಿಲರೇಟರ್ ಕೇಬಲ್ ಒಣಗಿ ಬಿಗಿಯಾಗಿದೆಯೇ ನೋಡಿ. ಎಡಗೈ ಆದರೆ ಕ್ಲಚ್ ಕೇಬಲ್. ಎರಡೂ ಹಗುರವಾಗಿದ್ದರೆ ಹ್ಯಾಂಡಲ್ ಸೊಟ್ಟಗಾಗಿರಬಹುದು, ಅದರಲ್ಲೂ ಬೈಕ್ ಒಮ್ಮೆಯಾದರೂ ಮಗುಚಿದ್ದರೆ. ಮುಂದಿನ ಚಕ್ರ ನೇರ ಇಟ್ಟು, ಸೀಟಿನ ಹಿಂಬದಿಯ ಸರಿಯಾದ ನಡುಬಿಂದುವಿನಿಂದ ಎರಡೂ ಹಿಡಿಗಳ ತುದಿಗೆ ದಾರ ಹಿಡಿದು ಅಳೆಯಿರಿ. 5 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹ್ಯಾಂಡಲ್ ಬಾಗಿದೆ, ಇಲ್ಲವೇ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಕಾಲುಗಳು ಹಿಡಿಕಟ್ಟಿನಲ್ಲಿ (ಕ್ಲಾಂಪ್) ತಿರುಚಿಕೊಂಡಿವೆ. ಎರಡನೆಯದಕ್ಕೆ ಹೊಸ ಹ್ಯಾಂಡಲ್ ಹಾಕಿದರೆ ಹೊಸ ಹ್ಯಾಂಡಲೂ ಸೊಟ್ಟಗೇ ಕಾಣುತ್ತದೆ. ಮೊದಲು ಫೋರ್ಕ್ ನೇರ ಮಾಡಿಸಿ.

ಗಾಡಿಯಿಂದಿಳಿದ ಮೇಲೂ ಜೋಮು ಇಡೀ ರಾತ್ರಿ ಹೋಗದಿದ್ದರೆ, ಕೈಯಿಂದ ವಸ್ತು ಜಾರುತ್ತಿದ್ದರೆ, ಮೆಕ್ಯಾನಿಕ್ ಬಳಿಗಲ್ಲ, ವೈದ್ಯರ ಬಳಿಗೆ ಹೋಗಿ.

ಕಾಸಿಲ್ಲದ ಹೊಂದಾಣಿಕೆ ಮೊದಲು

ಲಿವರ್‌ಗಳಿಂದ ಆರಂಭಿಸಿ. ಸವಾರಿಯ ಬೂಟು, ಜಾಕೆಟ್, ಗ್ಲೌಸ್ ಹಾಕಿಕೊಂಡು, ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂತುಕೊಳ್ಳಿ. ಯಾರಾದರೂ ಬೈಕನ್ನು ನೆಟ್ಟಗೆ ಹಿಡಿದಿರಲಿ. ಸೈಡ್ ಸ್ಟ್ಯಾಂಡಿನ ಮೇಲೆ ವಾಲಿದ ಗಾಡಿಯಲ್ಲಿ ಮಾಡಿದ ಹೊಂದಾಣಿಕೆ ಒಂದೂ ಸರಿಬರುವುದಿಲ್ಲ. ಬೆರಳು ನೀಟಿ ಲಿವರ್ ಮೇಲಿಡಿ. ಪಕ್ಕದಿಂದ ನೋಡುವವರಿಗೆ ಮೊಣಕೈ, ಮಣಿಕಟ್ಟು, ಬೆರಳಿನ ಗೆಣ್ಣು ಒಂದೇ ಗೆರೆಯಲ್ಲಿ ಕಾಣಬೇಕು. ಕಾಣದಿದ್ದರೆ ಲಿವರ್ ಹಿಡಿಕಟ್ಟಿನ ಬೋಲ್ಟ್ ಸಡಿಲಿಸಿ ತಿರುಗಿಸಿ.

ನಂತರ ಇರುವ ಹ್ಯಾಂಡಲನ್ನೇ ಹಿಡಿಕಟ್ಟಿನಲ್ಲಿ ತಿರುಗಿಸಿ ನೋಡಿ. ಈಗಿನ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿಕೊಂಡು, ನಾಲ್ಕೂ ಬೋಲ್ಟ್ ಅರ್ಧ ಸುತ್ತು ಸಡಿಲಿಸಿ ಹಿಂದಕ್ಕೆ ಎಳೆಯಿರಿ. ಹಿಡಿ ಹಿಡಿಕಟ್ಟಿನಿಂದ 200 ಮಿಲಿಮೀಟರ್ ದೂರವಿದ್ದರೆ 5 ಡಿಗ್ರಿ ತಿರುಗಿಸಿದಾಗ ಅದು ಸುಮಾರು 17 ಮಿಲಿಮೀಟರ್ ಸರಿಯುತ್ತದೆ. ಕೆಲವರ ನೋವು ಹೋಗಲು ಇಷ್ಟೇ ಸಾಕು. ಇದಕ್ಕಿಂತ ಹೆಚ್ಚು ತಿರುಗಿಸಿದರೆ ಹಿಡಿಯ ತುದಿ ಕೆಳಮುಖವಾಗಿ ಕಿರುಬೆರಳ ಕಡೆ ಭಾರ ಬೀಳುತ್ತದೆ. ಮುಂದಿನ ಬ್ರೇಕಿನ ಆಯಿಲ್ ಡಬ್ಬಿಯೂ ವಾಲುತ್ತದೆ. ಆ ಡಬ್ಬಿ ಹೆಚ್ಚುಕಡಿಮೆ ಮಟ್ಟವಾಗಿ ನಿಲ್ಲಬೇಕು, ಇಲ್ಲದಿದ್ದರೆ ಆಯಿಲ್ ಕಡಿಮೆಯಾದಾಗ ಒಳಗಿನ ರಂಧ್ರಕ್ಕೆ ಗಾಳಿ ನುಗ್ಗುತ್ತದೆ. ತಿರುಗಿಸಿದ ಮೇಲೆ ಲಿವರ್ ಕೋನವನ್ನು ಮತ್ತೆ ಸರಿಮಾಡಿ.

ಗ್ರಿಪ್ ಕೂಡ ನೋಡಬೇಕು. ದಪ್ಪ ಗ್ರಿಪ್ ಅಂಗೈ ದೊಡ್ಡದಿರುವವರಿಗೆ ಒತ್ತಡ ಹಂಚುತ್ತದೆ. ಅಂಗೈ ಚಿಕ್ಕದಾದವರಿಗೆ ಅದೇ ಗ್ರಿಪ್ ಮುಂಗೈ ಬಿಗಿಸುತ್ತದೆ. ತೀರಾ ಮೆತ್ತನೆಯ ಫೋಮ್ ಗ್ರಿಪ್ ಮೊದಲ ದಿನ ಹಿತವೆನಿಸಿದರೂ ಕೈ ಜಾರದಿರಲೆಂದು ಗೊತ್ತಿಲ್ಲದೆಯೇ ಗಟ್ಟಿ ಹಿಡಿಯುವಂತೆ ಮಾಡುತ್ತದೆ. ಆಕ್ಸಿಲರೇಟರ್ ಹಿಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಅಂಗೈ ಆಸರೆ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಊರೊಳಗಿನ ಟ್ರಾಫಿಕ್‌ನಲ್ಲಿ ಅದು ಬೇಡ. ಗಾಬರಿಯಲ್ಲಿ ಬ್ರೇಕ್ ಹಿಡಿಯುವಾಗ ಅಂಗೈ ಅದನ್ನು ಒತ್ತಿ ಗಾಡಿ ಮುಂದಕ್ಕೆ ನುಗ್ಗಬಹುದು.

ಇಷ್ಟು ಮಾಡಿ ಒಂದು ದೊಡ್ಡ ಸವಾರಿ ಮಾಡಿದ ಮೇಲೂ ನೋವು ಅದೇ ಜಾಗದಲ್ಲಿದ್ದರೆ ಹೊಸ ಹ್ಯಾಂಡಲ್‌ನ ಮಾತು.

ಮೈಯ ಅಳತೆ ತೆಗೆಯುವ ವಿಧಾನ

ಅರ್ಧ ಇಂಚಿನ ಯುಪಿವಿಸಿ ನೀರಿನ ಪೈಪಿನ ಹೊರ ವ್ಯಾಸ ಸುಮಾರು 21 ಮಿಲಿಮೀಟರ್, ನಮ್ಮ ಬಹುತೇಕ ಬೈಕುಗಳ ಹ್ಯಾಂಡಲ್ ತುದಿಯಷ್ಟೇ. ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದದ ಎರಡು ತುಂಡು ಕತ್ತರಿಸಿಕೊಳ್ಳಿ. ಬೈಕ್ ನೆಟ್ಟಗಿರಲಿ, ನೀವು ಎಂದಿನಂತೆ ಕೂರಿ. ತುಂಡುಗಳನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ. ಹೆಗಲು ಒಮ್ಮೆ ಮೇಲೆತ್ತಿ ಪೂರ್ತಿ ಇಳಿಬಿಡಿ. ಮೊಣಕೈ ಸ್ವಲ್ಪ ಮಡಚಿರುವಂತೆ ಕೈ ಎಲ್ಲಿ ತಾನಾಗಿ ನಿಲ್ಲುತ್ತದೋ ಅಲ್ಲೇ ನಿಲ್ಲಲಿ. ಕಣ್ಣು ಮುಚ್ಚುವುದು ಮುಖ್ಯ. ತೆರೆದಿದ್ದರೆ ಕೈ ಈಗಿರುವ ಹಿಡಿಯ ಕಡೆಗೇ ಹೋಗುತ್ತದೆ.

ಜೊತೆಗಿರುವವರು ಈಗ ಮೂರು ಅಳತೆ ಬರೆದುಕೊಳ್ಳಲಿ. ಹ್ಯಾಂಡಲ್ ಹಿಡಿಕಟ್ಟಿನ ನಡುವಿನಿಂದ ಪೈಪ್ ತುಂಡಿನ ಮಧ್ಯದವರೆಗೆ ಎಷ್ಟು ಎತ್ತರ, ಎಷ್ಟು ಹಿಂದೆ, ಮತ್ತು ಎರಡೂ ತುಂಡುಗಳ ಹೊರ ತುದಿಗಳ ನಡುವೆ ಎಷ್ಟು ಅಗಲ. ಗಾಡಿಯಿಂದ ಇಳಿದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಹತ್ತಿ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ತುಂಡುಗಳು ಯಾವ ಕೋನದಲ್ಲಿ ನಿಂತಿವೆ ಎಂಬುದರ ಫೋಟೋ ಮೇಲಿನಿಂದೊಂದು, ಹಿಂದಿನಿಂದೊಂದು ತೆಗೆದಿಡಿ. ಹಿಡಿಯ ತುದಿ ಎಷ್ಟು ಹಿಂದಕ್ಕೆ, ಎಷ್ಟು ಕೆಳಕ್ಕೆ ಬಾಗಿರಬೇಕು ಎಂಬುದನ್ನು ಆ ಫೋಟೋ ಹೇಳುತ್ತದೆ.

ಇದೇ ಮೂರು ಅಳತೆಯನ್ನು ಕಂಪನಿ ಹ್ಯಾಂಡಲ್‌ಗೂ ತೆಗೆಯಿರಿ. ಉದಾಹರಣೆಗೆ ಕಂಪನಿ ಹಿಡಿ 110 ಮಿಲಿಮೀಟರ್ ಎತ್ತರ, 150 ಮಿಲಿಮೀಟರ್ ಹಿಂದೆ ಇದೆ ಎನ್ನಿ. ನಿಮ್ಮ ಕೈ ನಿಂತದ್ದು 125 ಎತ್ತರ, 195 ಹಿಂದೆ. ಅಂದರೆ ಬೇಕಿರುವುದು 15 ಮಿಲಿಮೀಟರ್ ಮೇಲಕ್ಕೆ, 45 ಮಿಲಿಮೀಟರ್ ಹಿಂದಕ್ಕೆ. ಇಂಥವರು ಆರಿಂಚು ಎತ್ತರದ ಹ್ಯಾಂಡಲ್ ಹಾಕಿಸಿದರೆ ಹೆಗಲ ನಡುವಿನ ಉರಿ ಕುತ್ತಿಗೆಗೆ ಹತ್ತುತ್ತದೆ.

ವ್ಯತ್ಯಾಸ ಇಷ್ಟು ಸಣ್ಣದಿದ್ದಾಗ ಹೊಸ ಹ್ಯಾಂಡಲ್ ಬದಲು ರೈಸರ್, ಅಂದರೆ ಹ್ಯಾಂಡಲ್ ಕೆಳಗೆ ಇಟ್ಟು ಅದನ್ನು ಎತ್ತರಿಸುವ ತುಂಡು, ಸಾಕಾಗಬಹುದು. ರೈಸರ್ ನೇರ ಮೇಲಕ್ಕೆ ಮಾತ್ರ ಎತ್ತುತ್ತದೆ ಎಂಬುದು ತಪ್ಪು ತಿಳಿವಳಿಕೆ. ಫೋರ್ಕ್‌ನ ಓರೆಗೇ ಸಮಾನಾಂತರವಾಗಿ ಕೂರುವ ರೈಸರ್ ಆದರೆ, ಓರೆ 30 ಡಿಗ್ರಿ ಇರುವ ಬೈಕಿನಲ್ಲಿ 50 ಮಿಲಿಮೀಟರ್ ರೈಸರ್ ಹಿಡಿಯನ್ನು 43 ಮಿಲಿಮೀಟರ್ ಮೇಲಕ್ಕೂ 25 ಮಿಲಿಮೀಟರ್ ಹಿಂದಕ್ಕೂ ಒಯ್ಯುತ್ತದೆ. ಹಿಂದಕ್ಕೇ ಹೆಚ್ಚು ಬೇಕಿದ್ದರೆ ಹಿಂದಕ್ಕೆ ಓರೆಯಾಗಿ ಕೊರೆದ ಪುಲ್‌ಬ್ಯಾಕ್ ರೈಸರ್ ಸಿಗುತ್ತದೆ. ರೈಸರ್ ಜೊತೆ ಬರುವ ಉದ್ದದ ಬೋಲ್ಟ್‌ಗಳನ್ನೇ ಬಳಸಿ; ಹಳೇ ಬೋಲ್ಟ್ ಮೂರ್ನಾಲ್ಕು ಮರೆಯಷ್ಟೇ (ಥ್ರೆಡ್) ಕಚ್ಚಿಕೊಂಡು ಬಿಗಿಯಾದಂತೆ ತೋರುತ್ತದೆ, ಗುಂಡಿಗೆ ಬಿದ್ದಾಗ ಕಿತ್ತು ಬರುತ್ತದೆ.

ಯಾವ ಆಕಾರ, ಯಾವ ದಪ್ಪ

ದಪ್ಪವನ್ನು ವ್ಯಾಸ ಅಳೆಯುವ ವರ್ನಿಯರ್‌ನಿಂದ ಅಳೆಯದೆ ಆರ್ಡರ್ ಮಾಡಬೇಡಿ. ಅಳೆಯಬೇಕಾದ ಜಾಗ ಎರಡು: ಹಿಡಿಕಟ್ಟು ಕಚ್ಚುವ ನಡುಭಾಗ, ಮತ್ತು ಗ್ರಿಪ್ ಕೂರುವ ತುದಿ. ರಾಯಲ್ ಎನ್‌ಫೀಲ್ಡ್, ಬಜಾಜ್ ಬೈಕುಗಳಲ್ಲಿ ತುದಿ 22 ಮಿಲಿಮೀಟರ್, ಅಂದರೆ ಏಳು ಎಂಟಾಂಶ ಇಂಚು. ಹಾರ್ಲೆ-ಡೇವಿಡ್ಸನ್‌ನ ದೊಡ್ಡ ಬೈಕುಗಳಲ್ಲಿ ಒಂದಿಂಚು, 25.4 ಮಿಲಿಮೀಟರ್. ನಡುವೆ ದಪ್ಪ, ತುದಿಗೆ 22 ಇರುವ ದಪ್ಪ ಹ್ಯಾಂಡಲ್‌ಗಳ ನಡುಭಾಗ 28.6 ಮಿಲಿಮೀಟರ್. 22ರ ಹ್ಯಾಂಡಲನ್ನು 25.4ರ ಹಿಡಿಕಟ್ಟಿಗೆ ಕೂರಿಸಲು ಅದಕ್ಕೆಂದೇ ಮಾಡಿದ, ಸೀಳಿರುವ ಲೋಹದ ಬುಷ್ ಬಳಸಬೇಕು. ತಗಡು, ಟ್ಯೂಬ್ ರಬ್ಬರ್ ಸುತ್ತಿ ಕೂರಿಸುವುದನ್ನು ಕಂಡರೆ ಆ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ.

ಆಕಾರಗಳಲ್ಲಿ ಪ್ರತಿಯೊಂದಕ್ಕೂ ಅದರದ್ದೇ ನೋವು ಇದೆ. ಡ್ರ್ಯಾಗ್ ಬಾರ್ ಬಹುತೇಕ ನೇರ. ಮೊಣಕೈ ಹೊರಕ್ಕೆ ಚಾಚುತ್ತದೆ, ಮೈ ಮುಂದಕ್ಕೆ ಬಾಗುತ್ತದೆ. ಕೈ ಉದ್ದವಿದ್ದು, ಕಾಲಿಡುವ ಜಾಗ ತೀರಾ ಮುಂದಿಲ್ಲದ ಬೈಕಾದರೆ ಹಿತ. ಕಾಲು ಮುಂದಕ್ಕೆ ಚಾಚುವ ಬೈಕಿಗೆ ಹಾಕಿದರೆ ಮೈ ಅರ್ಧಕ್ಕೆ ಮಡಚಿ ಸೊಂಟ ಹಿಡಿಯುತ್ತದೆ. ಬೀಚ್ ಬಾರ್ ತಗ್ಗಿನಲ್ಲೇ ಹಿಂದಕ್ಕೆ ಉದ್ದವಾಗಿ ಬರುತ್ತದೆ. ನೇರ ಹೆದ್ದಾರಿಯಲ್ಲಿ ಬಹಳ ಹಿತ, ಆದರೆ ಪೂರ್ತಿ ತಿರುಗಿಸಿದಾಗ ಒಂದು ತುದಿ ಹೊಟ್ಟೆಗೆ, ಮಂಡಿಗೆ ಅಥವಾ ಟ್ಯಾಂಕಿಗೆ ತಾಗುತ್ತದೆ. ಬಕ್‌ಹಾರ್ನ್ ಮೇಲೆದ್ದು ಹಿಂದಕ್ಕೂ ಕೆಳಕ್ಕೂ ಬಾಗುತ್ತದೆ. ಬೆನ್ನು ನೆಟ್ಟಗಿರುತ್ತದೆ, ಮಣಿಕಟ್ಟು ಕಿರುಬೆರಳ ಕಡೆ ಸೊಟ್ಟಗಾಗುವ ಅಪಾಯ ಇದರಲ್ಲೇ ಹೆಚ್ಚು. ತೀರಾ ಎತ್ತರದ ಏಪ್ ಹ್ಯಾಂಗರ್‌ನಲ್ಲಿ ಕೈ ಹೆಗಲಿಗಿಂತ ಮೇಲೆ ಹೋದರೆ ರಕ್ತ ಇಳಿದು ಬೆರಳು ತಣ್ಣಗಾಗುತ್ತದೆ, ಗಾಳಿ ನೇರ ಎದೆಗೆ ಬಡಿದು ಇಡೀ ಮೈಯನ್ನು ತೋಳಿನಿಂದಲೇ ತಡೆಹಿಡಿಯಬೇಕಾಗುತ್ತದೆ. ದೂರ ಪ್ರಯಾಣದ ಹಿತಕ್ಕಾಗಿ ಹ್ಯಾಂಡಲ್ ಹುಡುಕುತ್ತಿರುವವರಿಗೆ ನಾವು ಅದನ್ನು ಹೇಳುವುದಿಲ್ಲ. ಮಧ್ಯಮ ಎತ್ತರ, ಹಿಂದಕ್ಕೆ ಚೆನ್ನಾಗಿ ಬಂದು, ತುದಿ ತುಸುವೇ ಕೆಳಗಿಳಿದ ಟೂರಿಂಗ್ ಆಕಾರ ಹೆಚ್ಚು ಮಂದಿಗೆ ಒಗ್ಗುತ್ತದೆ, ನೋಡಲು ಸಾಧಾರಣವಾದರೂ ಸರಿ.

ಅಗಲದ ವಿಷಯದಲ್ಲಿ ಒಂದು ಲೆಕ್ಕ ನೆನಪಿಡಿ. 900 ಮಿಲಿಮೀಟರ್ ಅಗಲದ ಹ್ಯಾಂಡಲನ್ನು 40 ಡಿಗ್ರಿ ತಿರುಗಿಸಿದರೆ ತಿರುವಿನ ಹೊರಬದಿಯ ಹಿಡಿ ಅಗಲದ ಕಾರಣದಿಂದಲೇ ಸುಮಾರು 29 ಸೆಂಟಿಮೀಟರ್ ಮುಂದೆ ಹೋಗುತ್ತದೆ. 760ರದ್ದಾದರೆ ಸುಮಾರು 24. ಹಿಂದಕ್ಕೆ ಬಂದಿರುವ ಹ್ಯಾಂಡಲ್‌ನಲ್ಲಿ ಇದು ಇನ್ನೂ ಹೆಚ್ಚು. ಕೈ ಚಿಕ್ಕದಾದವರು ಯೂ-ಟರ್ನ್ ಹೊಡೆಯುವಾಗ ಹೊರಗಿನ ಕೈ ಎಟುಕದೆ ಮೈಯನ್ನೇ ಎಳೆದುಕೊಳ್ಳುತ್ತಾರೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ನಿಧಾನಕ್ಕೆ ಹತ್ತುವಾಗ ಹೊರಗಿನ ಕೈ ನೇರವಾಗಿ ಬಿಗಿದುಕೊಂಡರೆ ಆಕ್ಸಿಲರೇಟರ್ ಹದವೂ ತಪ್ಪುತ್ತದೆ. ಪೂರ್ತಿ ತಿರುಗಿಸಿದಾಗಲೂ ಹೊರಗಿನ ಮೊಣಕೈಯಲ್ಲಿ ಸ್ವಲ್ಪ ಮಡಿಕೆ ಉಳಿದಿರಬೇಕು, ಇದೇ ಅಗಲದ ಪರೀಕ್ಷೆ.

ಅಗಲ ಹೆಚ್ಚಿದ್ದರೆ ಕತ್ತರಿಸಬಹುದು. ಎರಡೂ ಬದಿ ಸಮನಾಗಿ, ಒಂದು ಸಲಕ್ಕೆ 10 ಮಿಲಿಮೀಟರ್. ಕತ್ತರಿಸುವ ಮೊದಲು ಗ್ರಿಪ್, ಸ್ವಿಚ್, ಲಿವರ್ ಹಿಡಿಕಟ್ಟು ಮೂರೂ ಕೂರಲು ತುದಿಯಲ್ಲಿ ನೇರ ಭಾಗ ಎಷ್ಟು ಬೇಕು ಎಂದು ಕಂಪನಿ ಹ್ಯಾಂಡಲ್ ಮೇಲೆ ಅಳೆದುಕೊಳ್ಳಿ. ಬಾಗಿರುವ ಕಡೆ ಸ್ವಿಚ್ ಕೂರುವುದಿಲ್ಲ.

ಕೇಬಲ್ ಸಾಲುತ್ತದೆಯೇ?

ಹೊಸ ಹ್ಯಾಂಡಲನ್ನು ಬರಿದಾಗಿ ಕೂರಿಸಿ, ಒಂದು ದಾರವನ್ನು ಕ್ಲಚ್ ಕೇಬಲ್ ಸಾಗುವ ದಾರಿಯಲ್ಲೇ ಲಿವರ್ ಜಾಗದಿಂದ ಎಂಜಿನ್‌ವರೆಗೆ ಹಾಯಿಸಿ. ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ದಾರ ಎಲ್ಲಿ ಅತಿ ಬಿಗಿಯಾಗುತ್ತದೋ ಆ ಸ್ಥಿತಿಯಲ್ಲಿನ ಉದ್ದಕ್ಕೆ 25ರಿಂದ 30 ಮಿಲಿಮೀಟರ್ ಸೇರಿಸಿದರೆ ಬೇಕಾದ ಉದ್ದ. ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್‌ಗೂ ಇದೇ ಕ್ರಮ. ಬದಲಾವಣೆ ಒಟ್ಟು ಎರಡಿಂಚಿನೊಳಗಿದ್ದರೆ ಬಹಳ ಬೈಕುಗಳಲ್ಲಿ ಕಂಪನಿ ಕೇಬಲ್‌ಗಳನ್ನೇ ದಾರಿ ಬದಲಿಸಿ ಹಾಯಿಸಬಹುದು. ಅದಕ್ಕಿಂತ ಹೆಚ್ಚಾದರೆ ಉದ್ದದ ಕೇಬಲ್‌ನ ಬೆಲೆಯನ್ನೂ ಹ್ಯಾಂಡಲ್ ಬೆಲೆಯ ಜೊತೆ ಕೂಡಿಸಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗಳಿಗೆ ಹೋಗುವಾಗ ಹಳೇ ಕೇಬಲ್ ಕೈಯಲ್ಲಿರಲಿ. ಎರಡೂ ತುದಿಯ ಗುಂಡು, ಅಡ್ಜಸ್ಟರ್ ಮರೆ ಹೊಂದದಿದ್ದರೆ ಉದ್ದ ಸರಿಯಿದ್ದೂ ಪ್ರಯೋಜನವಿಲ್ಲ. 2008ರ ನಂತರದ ಹಾರ್ಲೆ ಟೂರಿಂಗ್ ಬೈಕುಗಳಲ್ಲಿ ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ, ಅಲ್ಲಿ ವೈರಿಂಗ್ ಉದ್ದ ನೋಡಬೇಕು.

ಕೂರಿಸಿದ ಮೇಲೆ ಬರುವ ದೋಷಗಳು: ಮೊದಲು ಲಕ್ಷಣ, ಆಮೇಲೆ ಕಾರಣ

ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಓಟ ತಾನಾಗಿ ಏರುತ್ತದೆ. ಇದೊಂದು ಕಂಡರೆ ಗಾಡಿ ರಸ್ತೆಗೆ ತರಲೇಬೇಡಿ. ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ ಅಥವಾ ಫೋರ್ಕ್ ಹಿಂದೆ ಸಿಕ್ಕಿಕೊಂಡಿದೆ. ಯೂ-ಟರ್ನ್ ನಡುವೆ ಗಾಡಿ ಮುಂದಕ್ಕೆ ಹಾರುತ್ತದೆ. ಹಿಡಿಯ ಬಳಿ 2ರಿಂದ 3 ಮಿಲಿಮೀಟರ್ ಸಡಿಲು ಎರಡೂ ಕೊನೆಯ ತಿರುವಿನಲ್ಲೂ ಉಳಿಯಬೇಕು. ಅಡ್ಜಸ್ಟರ್ ಸಡಿಲಿಸಿ ಉಳಿಸಬಹುದಾದರೆ ಸರಿ, ಇಲ್ಲವಾದರೆ ಉದ್ದದ ಕೇಬಲ್.

ಹಿಡಿ ಬಿಟ್ಟರೆ ಆಕ್ಸಿಲರೇಟರ್ ಪಟ್ಟನೆ ಮುಚ್ಚುವುದಿಲ್ಲ. ಕೇಬಲ್ ಚೂಪಾಗಿ ಬಾಗಿರಬಹುದು. ಆದರೆ ಹೆಚ್ಚಾಗಿ ಕಾಣುವ ಕಾರಣ ಬೇರೆ: ಹಿಡಿಯ ತುದಿ ಬಾರ್ ಎಂಡ್ ತೂಕಕ್ಕೆ (ಹ್ಯಾಂಡಲ್‌ನ ಕೊನೆಗೆ ಸಿಕ್ಕಿಸುವ ಲೋಹದ ತುಂಡು) ಉಜ್ಜುತ್ತಿದೆ. ಎರಡರ ನಡುವೆ 1ರಿಂದ 2 ಮಿಲಿಮೀಟರ್ ಸಂದು ಬೇಕು. ಹೊಸ ಹ್ಯಾಂಡಲ್‌ನ ನೇರ ಭಾಗ ಗಿಡ್ಡವಿದ್ದು ಪ್ಲಾಸ್ಟಿಕ್ ಕೊಳವೆ ಬಾಗಿನ ಮೇಲೆ ಹತ್ತಿ ಕೂತಿದ್ದರೂ ಹೀಗೇ ಆಗುತ್ತದೆ.

ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಎಂಜಿನ್ ಮಾತ್ರ ಕೂಗುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಕೇಬಲ್ ಎಳೆದುಕೊಂಡು ಪ್ಲೇಟ್ ಜಾರುತ್ತಿದೆ. ಲಿವರ್ ಬುಡದಲ್ಲಿ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಸಡಿಲು ಇರಬೇಕು, ನಿಮ್ಮ ಬೈಕಿನ ಕೈಪಿಡಿಯಲ್ಲಿರುವ ಅಂಕಿ ನೋಡಿ ಹೊಂದಿಸಿ. ತಡಮಾಡಿದರೆ ಪ್ಲೇಟ್ ಸುಟ್ಟುಹೋಗುತ್ತದೆ.

ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿದೆ. ಹೋಸ್ ಬದಲಿಸಿದಾಗ ಗಾಳಿ ಉಳಿದಿದೆ. ಹೋಸನ್ನು ಜೋಡಿಸುವ ಬ್ಯಾಂಜೋ ಬೋಲ್ಟ್‌ನ ಎರಡೂ ಬದಿಯ ತಾಮ್ರದ ವಾಷರ್ ಪ್ರತಿ ಸಲವೂ ಹೊಸದೇ ಆಗಬೇಕು. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲನ್ನೇ ಹೊಸ ಬಾಟಲಿ ಒಡೆದು ಹಾಕಿ. ಹೋಸ್‌ನ ಅತಿ ಎತ್ತರದ ಬಾಗಿನಲ್ಲಿ ಗಾಳಿ ಕೂರುತ್ತದೆ, ಅದಕ್ಕೇ ಎತ್ತರದ ಹ್ಯಾಂಡಲ್ ಹಾಕಿದ ಬೈಕುಗಳು ಮಾಮೂಲು ಕ್ರಮದಲ್ಲಿ ಪೂರ್ತಿ ಬ್ಲೀಡ್ ಆಗುವುದಿಲ್ಲ, ಅಂದರೆ ಗಾಳಿಯೆಲ್ಲ ಹೊರಬರುವುದಿಲ್ಲ. ಚಕ್ರದ ಬಳಿಯ ಕ್ಯಾಲಿಪರ್ ಕಡೆ ಮುಗಿಸಿದ ಮೇಲೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಡಬ್ಬಿಯೇ ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡಿ, ಲಿವರನ್ನು ಕೊಂಚ ಕೊಂಚವೇ ಒತ್ತುತ್ತಾ ಗುಳ್ಳೆ ಬರುವುದು ನಿಲ್ಲುವವರೆಗೆ ಕಾಯಿರಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಯಂತೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಗಾಳಿ ಎಬಿಎಸ್ ಘಟಕದೊಳಗೆ ಸೇರಿದರೆ ಅದನ್ನು ತೆಗೆಯಲು ಕಂಪನಿ ಸರ್ವಿಸ್‌ನ ಸ್ಕ್ಯಾನ್ ಉಪಕರಣ ಬೇಕಾಗಬಹುದು, ಆದ್ದರಿಂದ ಈ ಕೆಲಸದ ನಡುವೆ ಎಲ್ಲೂ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ. ಚೆಲ್ಲಿದ ಆಯಿಲ್ ಟ್ಯಾಂಕಿನ ಬಣ್ಣ ತಿನ್ನುತ್ತದೆ, ತಕ್ಷಣ ನೀರು ಸುರಿದು ತೊಳೆಯಿರಿ.

ತಿರುವಿನಲ್ಲಿ ಹಾರ್ನ್ ನಿಲ್ಲುತ್ತದೆ, ಸ್ಟಾರ್ಟರ್ ಕೈಕೊಡುತ್ತದೆ, ಫ್ಯೂಸ್ ಹೋಗುತ್ತದೆ. ವೈರ್ ಎಳೆದುಕೊಂಡು ಒಳಗೇ ತುಂಡಾಗಿದೆ, ಇಲ್ಲವೇ ಹ್ಯಾಂಡಲ್ ಒಳಗೆ ಹಾಯಿಸಿದ ವೈರಿನ ಮೇಲ್ಪದರ ರಂಧ್ರದ ಚೂಪು ಅಂಚಿಗೆ ಕೊಯ್ದುಹೋಗಿದೆ. ಉದ್ದ ಮಾಡಬೇಕಾದರೆ ಅದೇ ದಪ್ಪದ ವೈರ್ ಬೆಸುಗೆ ಹಾಕಿ, ಪ್ರತಿಯೊಂದಕ್ಕೂ ಬೇರೆ ಬೇರೆ ಹೀಟ್ ಶ್ರಿಂಕ್ ಕೊಳವೆ (ಬಿಸಿಗೆ ಕುಗ್ಗಿ ಬಿಗಿಯುವಂಥದ್ದು) ತೊಡಿಸಿ. ಎಲ್ಲ ಬೆಸುಗೆಯೂ ಒಂದೇ ಜಾಗಕ್ಕೆ ಬಾರದಂತೆ ಹಿಂದೆ ಮುಂದೆ ಮಾಡಿದರೆ ಗಂಟು ದಪ್ಪವಾಗುವುದಿಲ್ಲ. ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ್ದು ಒಂದು ಮಳೆಗಾಲ ದಾಟುವುದಿಲ್ಲ.

ಸ್ವಿಚ್ ಡಬ್ಬಿ ಹಿಡಿಯ ಮೇಲೆ ಸುತ್ತುತ್ತದೆ. ಅದರೊಳಗೆ ಹ್ಯಾಂಡಲ್‌ನ ಸಣ್ಣ ರಂಧ್ರಕ್ಕೆ ಸಿಕ್ಕಿಸುವ ಒಂದು ಗುಬಟು ಇರುತ್ತದೆ. ಹೊಸ ಹ್ಯಾಂಡಲ್‌ನಲ್ಲಿ ಆ ರಂಧ್ರ ಇರುವುದಿಲ್ಲವಾದ್ದರಿಂದ ಗುಬಟನ್ನೇ ಕತ್ತರಿಸಿ ಕೂರಿಸುತ್ತಾರೆ. ಆಕ್ಸಿಲರೇಟರ್ ಕಡೆಯ ಡಬ್ಬಿ ಹಾಗೆ ಸುತ್ತಿದರೆ ಕೇಬಲ್ ತಿರುಚಿಕೊಳ್ಳುತ್ತದೆ. ಸರಿಯಾದ ದಾರಿ: ಎಲ್ಲವನ್ನೂ ಸಡಿಲವಾಗಿ ಕೂರಿಸಿ, ಗಾಡಿಯ ಮೇಲೆ ಕೂತು ಕೋನ ಹೊಂದಿಸಿ, ಮಾಸ್ಕಿಂಗ್ ಟೇಪ್ ಮೇಲೆ ಗುರುತು ಹಾಕಿ. ಗುಬಟಿನ ತುದಿಗೆ ಪೇಂಟ್ ಹಚ್ಚಿ ಒತ್ತಿದರೆ ನಿಖರ ಜಾಗ ಸಿಗುತ್ತದೆ. ಮೊದಲು 3 ಮಿಲಿಮೀಟರ್ ಬಿಟ್‌ನಿಂದ, ಆಮೇಲೆ ಗುಬಟಿನ ಅಳತೆಗೆ ಕೊರೆಯಿರಿ. ಅಂಚಿನ ಮುಳ್ಳು ಅರದಿಂದ ಉಜ್ಜಿ ತೆಗೆಯಿರಿ. ಬಾಗಿನ ಮೇಲೆ ಅಥವಾ ಹಿಡಿಕಟ್ಟಿನ ಹತ್ತಿರ ಎಂದೂ ಕೊರೆಯಬಾರದು, ಹ್ಯಾಂಡಲ್ ಮುರಿಯುವುದು ಅಲ್ಲೇ.

ಜೋರಾಗಿ ಬ್ರೇಕ್ ಹಿಡಿದರೆ ಹ್ಯಾಂಡಲ್ ಮುಂದಕ್ಕೆ ಬಾಗುತ್ತದೆ. ದಪ್ಪ ಹೊಂದಿಲ್ಲ, ಅಥವಾ ಹಿಡಿಕಟ್ಟಿನಲ್ಲಿ ಗ್ರೀಸ್ ಇದೆ, ಅಥವಾ ಬೋಲ್ಟ್ ಬಿಗಿ ಸಾಲದು. ಎರಡೂ ಮೈಯನ್ನು ಒಣಬಟ್ಟೆಯಿಂದ ಒರೆಸಿ. ಹಿಡಿಕಟ್ಟಿನ ಮೇಲೆ ಚುಕ್ಕಿ ಗುರುತಿದ್ದರೆ ಅದು ಮುಂದಕ್ಕೆ ಬರಬೇಕು. ಮುಂದಿನ ಬೋಲ್ಟ್ ಮೊದಲು, ಹಿಂದಿನದು ಆಮೇಲೆ, ಸಂದು ಹಿಂದೆ ಉಳಿಯುತ್ತದೆ. ಗುರುತಿಲ್ಲದಿದ್ದರೆ ನಾಲ್ಕನ್ನೂ ಅಡ್ಡಡ್ಡಲಾಗಿ ಸ್ವಲ್ಪ ಸ್ವಲ್ಪವೇ ಬಿಗಿದು ಎರಡೂ ಕಡೆ ಸಂದು ಸಮನಾಗಿಸಿ. 8 ಎಂಎಂ ಬೋಲ್ಟ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು, ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ. ಟಾರ್ಕ್ ರೆಂಚ್ ಇಲ್ಲದೆ ಅಲ್ಯೂಮಿನಿಯಂ ಹ್ಯಾಂಡಲ್ ಬಿಗಿಯುವುದು ಬೇಡ.

ಅದುರಾಟ ಮತ್ತು ತೂರಾಟ

ಮುಂಚೆ ಇಲ್ಲದ ಅದುರಾಟ ಹೊಸ ಹ್ಯಾಂಡಲ್ ಜೊತೆ ಬಂದಿದ್ದರೆ ಮೊದಲು ಬಾರ್ ಎಂಡ್ ತೂಕ ನೋಡಿ. ಸಿಂಗಲ್ ಸಿಲಿಂಡರ್ ಎಂಜಿನ್ 4000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 67 ಸಲ ಚಾಸಿಯನ್ನು ಅಲುಗಿಸುತ್ತದೆ. ಹ್ಯಾಂಡಲ್ ಕೊಳವೆಗೂ ಅದರದ್ದೇ ಅದುರುವ ಲಯ ಇದೆ. ಕಂಪನಿಯವರು ತುದಿಗೆ ತೂಕ ಹಾಕಿ ಆ ಲಯವನ್ನು ನಾವು ಹೆಚ್ಚು ಓಡಿಸುವ ವೇಗದಿಂದ ಆಚೆ ತಳ್ಳಿರುತ್ತಾರೆ. ಉದ್ದದ, ತೆಳು ಗೋಡೆಯ ಹ್ಯಾಂಡಲ್ ಹಾಕಿ ತೂಕವನ್ನೂ ಬಿಟ್ಟರೆ ಎರಡು ಲಯಗಳೂ ಒಂದೇ ವೇಗದಲ್ಲಿ ಕೂಡಿಕೊಳ್ಳುತ್ತವೆ. ಗುರುತಿಸುವುದು ಹೀಗೆ: ಅದುರಾಟ ಒಂದೇ ವೇಗದ ಆಸುಪಾಸಿನಲ್ಲಿ ಬಂದು ಮೇಲೆ ಕೆಳಗೆ ಹೋದರೆ ಮಾಯವಾದರೆ ಅದು ಹ್ಯಾಂಡಲ್‌ನದ್ದು. ವೇಗ ಏರಿದಂತೆಲ್ಲ ಏರುತ್ತಲೇ ಹೋದರೆ ಎಂಜಿನ್ ಮೌಂಟಿಂಗ್ ಬೋಲ್ಟ್ ಅಥವಾ ಚಕ್ರದ ಬ್ಯಾಲೆನ್ಸ್ ನೋಡಿ. ಹಳೇ ತೂಕ ಹೊಸದಕ್ಕೆ ಕೂರದಿರಬಹುದು, ಏಕೆಂದರೆ ಒಳವ್ಯಾಸ ಬೇರೆ: 22ರ ಕೊಳವೆಗೆ ಗೋಡೆ 2 ಮಿಲಿಮೀಟರ್ ಆದರೆ ಒಳಗೆ 18, ಗೋಡೆ 3 ಆದರೆ 16. ಬೋಲ್ಟ್ ತಿರುಗಿಸಿದಂತೆ ರಬ್ಬರ್ ಉಬ್ಬಿ ಕಚ್ಚುವ ತೂಕ ತಂದರೆ ಈ ತೊಂದರೆ ಇಲ್ಲ. ಹಗುರವಾದ ಅಲಂಕಾರದ ಅಲ್ಯೂಮಿನಿಯಂ ತುದಿಗಳಿಂದ ಉಪಯೋಗವಿಲ್ಲ, ಉಕ್ಕು ಅಥವಾ ಹಿತ್ತಾಳೆ ಬೇಕು.

ವೇಗದಲ್ಲಿ ಮುಂಭಾಗ ತೂರಾಡಿದರೆ ಹ್ಯಾಂಡಲ್‌ಗೆ ಬೈಯುವ ಮೊದಲು ಟೈರ್ ಗಾಳಿ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿ. ಮುಂದಿನ ಚಕ್ರ ನೆಲದಿಂದೆತ್ತಿ ಫೋರ್ಕ್ ತಳ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ನಿಧಾನ ತಿರುಗಿಸುವಾಗ ನಡುವಿನಲ್ಲಿ ಕಚ್ಚಿ ನಿಂತರೆ ಆ ಬೇರಿಂಗ್‌ನ ರೇಸ್ (ಗುಂಡುಗಳು ಉರುಳುವ ಬಳೆ) ಹಳ್ಳ ಬಿದ್ದಿದೆ. ಹಿಡಿಕಟ್ಟಿನ ಕೆಳಗೆ ರಬ್ಬರ್ ಬುಷ್ ಇರುವ ಬೈಕಾದರೆ ಚಕ್ರ ಮಂಡಿಯ ನಡುವೆ ಹಿಡಿದು ಹ್ಯಾಂಡಲ್ ತಿರುಚಿ ನೋಡಿ. ಹ್ಯಾಂಡಲ್ ಮಾತ್ರ ಓಲಾಡಿದರೆ ಬುಷ್ ಮುಗಿದಿದೆ. ಎತ್ತರದ ಹ್ಯಾಂಡಲ್ ಅದನ್ನು ಇನ್ನೂ ಬೇಗ ತಿನ್ನುತ್ತದೆ. ಇವೆಲ್ಲ ಸರಿಯಿದ್ದರೆ ಉಳಿಯುವುದು ಸವಾರನೇ. ಗಾಳಿ ಎದೆಗೆ ಬಡಿದು ಕೈ ಹಿಡಿಯನ್ನು ಎಳೆಯುತ್ತಿದೆ, ಅಗಲದ ಹ್ಯಾಂಡಲ್ ಆ ಎಳೆತವನ್ನು ಚಕ್ರಕ್ಕೆ ಹೆಚ್ಚಿಸಿ ಕೊಡುತ್ತಿದೆ. ಟ್ಯಾಂಕನ್ನು ಮಂಡಿಯಿಂದ ಹಿಡಿದು ಕೈ ಸಡಿಲಿಸಿ ನೋಡಿ, ತೂರಾಟ ನಿಂತರೆ ಬೇಕಿರುವುದು ಗಾಳಿ ತಡೆಯುವ ವಿಂಡ್‌ಸ್ಕ್ರೀನ್, ಇಲ್ಲವೇ ತಗ್ಗಿನ, ಕಿರಿದಾದ ಹ್ಯಾಂಡಲ್.

ರಸ್ತೆಗಿಳಿಯುವ ಮುನ್ನ

ಎಂಜಿನ್ ಐಡಲ್‌ನಲ್ಲಿಟ್ಟು ಎರಡೂ ಕೊನೆಗೆ ಹತ್ತು ಸಲ ತಿರುಗಿಸಿ. ಲಿವರ್, ಸ್ವಿಚ್, ಬೆರಳು ಯಾವುದೂ ಟ್ಯಾಂಕಿಗೆ ತಾಗಬಾರದು, ಕನಿಷ್ಠ 10 ಮಿಲಿಮೀಟರ್ ಸಂದು ಇರಲಿ. ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಪೂರ್ತಿ ಒತ್ತಿ, ಬ್ರೇಕ್ ಹೋಸ್ ಹೆಡ್‌ಲೈಟ್ ಹಿಂದೆ ಮಡಚಿಕೊಳ್ಳುತ್ತದೆಯೇ ನೋಡಿ. ಕೇಬಲ್ ಟೈಗಳನ್ನು ಫೋರ್ಕ್ ಕೊಳವೆಗೆ ಬಿಗಿಯಾಗಿ ಕಟ್ಟಬೇಡಿ, ಕೇಬಲ್ ಜಾರಲು ಜಾಗವಿರಲಿ. ಕನ್ನಡಿ ಎರಡೂ ಹಿಂದಿನ ರಸ್ತೆ ತೋರಿಸುತ್ತಿರಬೇಕು, ನಿಮ್ಮ ಮೊಣಕೈಯನ್ನಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿ ನಮೂದಾಗಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಂಪನಿಯೇ ನಿಮ್ಮ ಮಾಡೆಲ್‌ಗೆಂದು ಮಾರುವ ಹ್ಯಾಂಡಲ್ ಸಿಕ್ಕರೆ ವಾರಂಟಿ ಮತ್ತು ವಿಮೆಯ ತಕರಾರು ಕಡಿಮೆ. ಹೊರಗಿನದ್ದಾದರೆ ಹಾಕಿಸುವ ಮೊದಲು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಕಂಪನಿ ಹ್ಯಾಂಡಲ್, ಹಳೇ ಕೇಬಲ್, ಬೋಲ್ಟ್‌ಗಳನ್ನು ಗುಜರಿಗೆ ಹಾಕಬೇಡಿ. ಗಾಡಿ ಮಾರುವಾಗ ಬೇಕಾಗುತ್ತವೆ.

ಮೊದಲ 100 ಕಿಲೋಮೀಟರ್ ಆದ ಮೇಲೆ ಹಿಡಿಕಟ್ಟು, ರೈಸರ್, ಲಿವರ್, ಬಾರ್ ಎಂಡ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ, 500ಕ್ಕೆ ಇನ್ನೊಮ್ಮೆ. ಹೊಸ ಕೇಬಲ್ ಇದೇ ಅವಧಿಯಲ್ಲಿ ಸ್ವಲ್ಪ ಹಿಗ್ಗುತ್ತದೆ, ಕ್ಲಚ್ ಸಡಿಲನ್ನೂ ಜೊತೆಗೇ ಹೊಂದಿಸಿ.